ಭಾರತವೋ ಪೋರ್ಚುಗಲ್ಲೋ: ಅಕ್ಕನ ಮಗನ ವಿಷಯದಲ್ಲಿ ಅನುಭವಸ್ಥರ ಮಾತು ಬೇಕು

ಸದಾಶಿವಗಡದ ಸೋದರಮಾವ:
ನನ್ನ ಅಕ್ಕನ ಮಗ 2008ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿದವನು. ಅಕ್ಕನದು ಇಂದಿಗೂ ಭಾರತದ ಪಾಸ್‌ಪೋರ್ಟ್. ಭಾವನವರು ಕಾಣಕೋಣದ ಕಡೆಯವರು. ಅವರ ತಂದೆ 1961ರ ಡಿಸೆಂಬರ್ 19ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದ್ದರಿಂದ ಅವರಿಗೆ ಪೋರ್ಚುಗಲ್ಲಿನ ಪೌರತ್ವ ಸಿಕ್ಕಿದೆ. ಹುಡುಗನ ಜನನವನ್ನು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿದ್ದಾರೆ, ಪೋರ್ಚುಗಲ್ಲಿನ ನೋಂದಣಿಯೂ ಇದೆ, ಅಲ್ಲಿನ ಪಾಸ್‌ಪೋರ್ಟ್ ಮಾತ್ರ ತೆಗೆಸಿಲ್ಲ. ಅಲ್ಲಿಯ ಒಂದು ಫುಟ್‌ಬಾಲ್ ಕ್ಲಬ್ಬಿನ ಕಿರಿಯರ ತಂಡದಲ್ಲಿ ಲೆಫ್ಟ್ ಬ್ಯಾಕ್ ಆಗಿ ಆಡುತ್ತಾನೆ. ಬರುವ ಆಗಸ್ಟ್‌ನಲ್ಲಿ ಹದಿನೆಂಟು ತುಂಬುತ್ತದೆ. ಅದಾದ ಆರು ತಿಂಗಳೊಳಗೆ ಇನ್ನೊಂದು ದೇಶದ ಪೌರತ್ವವನ್ನು ತ್ಯಜಿಸದಿದ್ದರೆ ನಮ್ಮ ಕಾಯ್ದೆಯಂತೆ ಭಾರತದ ಪೌರತ್ವ ತಾನಾಗಿ ಹೋಗುತ್ತದೆ. ಭಾರತದ ಕಿರಿಯರ ತಂಡಕ್ಕೆ ಆಟಗಾರರನ್ನು ಹುಡುಕುವವರೊಬ್ಬರು ಅವನ ವಿಡಿಯೊ ತರಿಸಿಕೊಂಡಿದ್ದಾರೆ. ಪೋರ್ಚುಗಲ್ಲಿನವರು ಒಮ್ಮೆ ಶಿಬಿರಕ್ಕೆ ಕರೆದಿದ್ದರು, ಮತ್ತೆ ಕರೆದಿಲ್ಲ. ಅಕ್ಕ ಒಂದು ಕಡೆ, ಭಾವ ಇನ್ನೊಂದು ಕಡೆ ನಿಂತಿದ್ದಾರೆ. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ಕೋಡಿಬಾಗದ ತಂದೆ:
ನಮ್ಮ ಮನೆಯ ಸಂಗತಿಯನ್ನು ಪೂರ್ತಿ ಹೇಳುತ್ತೇನೆ, ಏಕೆಂದರೆ ಮಡಗಾಂವಿನ ಯಾವ ಏಜೆಂಟನೂ ಇದನ್ನು ಹೇಳುವುದಿಲ್ಲ. ನನ್ನ ತಾಯಿ ಹುಟ್ಟಿದ್ದು ಗೋವಾದ ಲೋಲಿಯೆಯಲ್ಲಿ, ಪೋರ್ಚುಗೀಸರ ಕಾಲದಲ್ಲಿ. ಅದರ ಆಧಾರದ ಮೇಲೆ ನಾನೂ ಮಗನೂ ಪೋರ್ಚುಗಲ್ಲಿನ ಪೌರತ್ವ ಪಡೆದೆವು. ಆಕೆಯ ಬಾಪ್ತಿಸ್ಮದ ದಾಖಲೆಯಲ್ಲಿ ಅಡ್ಡಹೆಸರಿನ ಕಾಗುಣಿತ ಒಂದು ರೀತಿ, ಕಾರವಾರದ ಇಗರ್ಜಿಯ ಮದುವೆ ಪುಸ್ತಕದಲ್ಲಿ ಇನ್ನೊಂದು ರೀತಿ, ನನ್ನ ಶಾಲೆಯ ದಾಖಲೆಯಲ್ಲಿ ಮೂರನೆಯ ರೀತಿ. ಈ ಮೂರನ್ನು ಒಂದೇ ಎಂದು ಸಾಧಿಸಲು ಪ್ರಮಾಣಪತ್ರ, ಪತ್ರಿಕಾ ಪ್ರಕಟಣೆ, ರಾಜ್ಯಪತ್ರದಲ್ಲಿ ಹೆಸರು ತಿದ್ದುಪಡಿ ಎಂದು 38,000 ರೂಪಾಯಿ ಹೋಯಿತು. ಪೋರ್ಚುಗೀಸಿಗೆ ತರ್ಜುಮೆ ಮಾಡಿದವರು ಪುಟಕ್ಕೆ 1,500 ರೂಪಾಯಿಯಂತೆ 27,000 ತೆಗೆದುಕೊಂಡು, ಸೀಲು ಮಸುಕಾಗಿದೆ ಎಂಬ ಕಾರಣಕ್ಕೆ ಕಡತ ಲಿಸ್ಬನ್ನಿನಿಂದ ಹಿಂದಿರುಗಿದಾಗ ಎರಡನೆಯ ಸಲವೂ ಅದೇ ದರ ಕೇಳಿದರು. ಏಜೆಂಟನಿಗೆ 1,60,000. ಭಾರತದ ಪಾಸ್‌ಪೋರ್ಟನ್ನು ಅವಧಿ ಮೀರಿ ಇಟ್ಟುಕೊಂಡೆ ಎಂದು ದಂಡ ಬೇರೆ, ಕೊನೆಗೆ ಓಸಿಐ ಕಾರ್ಡಿಗೆ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಇಲ್ಲಿ ಬಂದು ಇರಲು ಕೊಡುವ ಕಾರ್ಡು) ತಲಾ 15,000.

ಇಷ್ಟೆಲ್ಲ ಆದ ಮೇಲೆ ತಿಳಿದದ್ದು ಏನೆಂದರೆ, ಹದಿನಾರರೊಳಗಿನ ರಾಜ್ಯ ತಂಡದ ಆಯ್ಕೆಯಲ್ಲಿ ಹೆಸರು ಬಂದಿದ್ದ ನನ್ನ ಮಗ ಅಂದಿನಿಂದ ವಿದೇಶಿ ಆಟಗಾರ. ಅವನು ಮಾಲಾದೇವಿ ಮೈದಾನದಲ್ಲಿ ಬರಿಗಾಲಲ್ಲಿ ಆಟ ಕಲಿತವನು, ಯುರೋಪಿನ ನೆಲವನ್ನು ಅಲ್ಲಿಯವರೆಗೆ ಕಂಡೇ ಇರಲಿಲ್ಲ. 2008ರ ಡಿಸೆಂಬರಿನಿಂದ ಕೇಂದ್ರ ಕ್ರೀಡಾ ಇಲಾಖೆಯ ನೀತಿಯೇ ಹಾಗಿದೆ: ಭಾರತದ ಪಾಸ್‌ಪೋರ್ಟ್ ಇಲ್ಲದವನು ಭಾರತದ ಅಂಗಿ ತೊಡುವಂತಿಲ್ಲ. ಮಗ ಈಗ ಯುರೋಪಿನ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ, ಭಾನುವಾರ ಆಡುತ್ತಾನೆ, ನಮಗೆ ಹಣ ಕಳುಹಿಸುತ್ತಾನೆ. ನಾನು ತೆಗೆದುಕೊಂಡ ನಿರ್ಧಾರ ಸರಿಯಾದದ್ದೇ, ಮನೆಯ ಮೇಲಿನ ಸಾಲ ತೀರಿದ್ದು ಅದರಿಂದಲೇ. ಆದರೆ ಆಟದ ಲೆಕ್ಕ ಬೇರೆ, ಹೊಟ್ಟೆಯ ಲೆಕ್ಕ ಬೇರೆ ಎಂಬುದನ್ನು ನಿಮ್ಮ ಭಾವನವರು ತಿಳಿದಿರಲಿ.

ಮಾಲಾದೇವಿ ಮೈದಾನದ ಹಳಬ:
ಪಾಸ್‌ಪೋರ್ಟುಗಳು ಬರುವುದಕ್ಕೆ ಬಹಳ ಮೊದಲೇ ನಮ್ಮ ಕಾರವಾರದ ಆಟಗಾರರು ಈ ಸಂಕಟವನ್ನು ಪಟ್ಟಿದ್ದಾರೆ. ನಮಗೆ ಎರಡು ದೇಶಗಳಿರಲಿಲ್ಲ, ಎರಡು ರಾಜ್ಯಗಳಿದ್ದವು. 1983–84ರಲ್ಲಿ ಗೋವಾ, ರಾಜ್ಯ ತಂಡಗಳ ನಡುವಿನ ಫುಟ್‌ಬಾಲ್ ಕಪ್ಪಾದ ಸಂತೋಷ್ ಟ್ರೋಫಿಯನ್ನು ಗೆದ್ದಾಗ ನಾನು ಹುಡುಗ. ಭಾರತದ ನಾಯಕರಾಗಿದ್ದ ಬ್ರಹ್ಮಾನಂದ ಶಂಖವಾಳಕರ್ ಗೋಲಿನಲ್ಲಿ ನಿಲ್ಲುವುದನ್ನು ನೋಡಲು ಪೋಳೆಂ ಗಡಿ ದಾಟಿ ಹೋಗುತ್ತಿದ್ದವರು ನಾವು. ಮುಂದೆ ವಾಸ್ಕೋದ ಒಂದು ಕ್ಲಬ್ಬು ನನಗೆ ಸಂಬಳದ ಕೆಲಸ ಕೊಟ್ಟು ಆಡಿಸಿತು. ಅದೇ ವರ್ಷ ಬೆಂಗಳೂರಿನಿಂದಲೂ ಕರೆ ಬಂತು, ಆದರೆ ಹೇಗೆ ಬಂತು ಎಂಬುದನ್ನು ಕೇಳಿ: ಸ್ವಂತ ಖರ್ಚಿನಲ್ಲಿ ಬರಬೇಕು, ಉಳಿದುಕೊಳ್ಳುವ ವ್ಯವಸ್ಥೆ ನೀವೇ ನೋಡಿಕೊಳ್ಳಬೇಕು, ಆಯ್ಕೆಯಾದರೆ ಭತ್ಯೆಯ ಬಗ್ಗೆ ಆಮೇಲೆ ಯೋಚಿಸೋಣ. ಆಗ ಕೊಂಕಣ ರೈಲು ಇರಲಿಲ್ಲ. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಯ ಮೇಲೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, ಬೆಳಿಗ್ಗೆ ಇಳಿದವನೇ ಮೈದಾನಕ್ಕೆ ಹೋಗಿ ಓಡಬೇಕು. ನಾನು ಗೋವಾವನ್ನು ಆರಿಸಿಕೊಂಡೆ. ಊರಿನವರು ನನ್ನನ್ನು ಪರರಾಜ್ಯದವನೆಂದರು, ಕ್ಲಬ್ಬಿನ ಸಹ ಆಟಗಾರರು ಕೊನೆಯವರೆಗೂ ಘಾಟಿ, ಅಂದರೆ ಘಟ್ಟದ ಕಡೆಯ ಹೊರಗಿನವನು, ಎಂದರು. ಆದರೂ ಸರಿಯಾದುದನ್ನೇ ಮಾಡಿದೆ ಎಂದು ಈ ವಯಸ್ಸಿನಲ್ಲೂ ಎದೆತಟ್ಟಿ ಹೇಳುತ್ತೇನೆ. ಯಾರು ಆಡಿಸುತ್ತಾರೋ ಅವರಿಗಾಗಿ ಆಡಬೇಕು. ಹುಡುಗನನ್ನು ಭಾರತ ಆಡಿಸುತ್ತದೆ, ಪೋರ್ಚುಗಲ್ ಆಡಿಸುವುದಿಲ್ಲ. 2025ರ ನವೆಂಬರಿನಲ್ಲಿ ಕತಾರಿನಲ್ಲಿ ಹದಿನೇಳರೊಳಗಿನ ವಿಶ್ವಕಪ್ ಗೆದ್ದದ್ದು ಪೋರ್ಚುಗಲ್. ಆ ತಂಡ ಇವನ ವಯಸ್ಸಿನವರದ್ದೇ, ಅದರಲ್ಲಿ ಇವನು ಇರಲಿಲ್ಲ. ಇನ್ನು ಚರ್ಚೆ ಏತಕ್ಕೆ?

ಶಿರಸಿಯ ಅಪ್ಪ:
ಹಿಂದಿನವರ ಭಾವನೆಗಳನ್ನು ಗೌರವಿಸುತ್ತೇನೆ, ಆದರೆ ಇಲ್ಲಿ ಎರಡು ಬೇರೆ ಬೇರೆ ಬಾಗಿಲುಗಳಿವೆ ಎಂಬುದನ್ನು ಯಾರೂ ಹೇಳಲಿಲ್ಲ. ಫಿಫಾದ ಬಾಗಿಲು ಉದಾರವಾದದ್ದು. ಕಿರಿಯರ ತಂಡದಲ್ಲಿ ಆಡಿದ ಮಾತ್ರಕ್ಕೆ ಯಾರೂ ಆ ದೇಶಕ್ಕೆ ಕಟ್ಟುಬೀಳುವುದಿಲ್ಲ. ಡೆಕ್ಲನ್ ರೈಸ್ ಐರ್ಲೆಂಡಿನ ಹಿರಿಯರ ತಂಡಕ್ಕೆ ಮೂರು ಸೌಹಾರ್ದ ಪಂದ್ಯಗಳನ್ನಾಡಿ ಆಮೇಲೆ ಇಂಗ್ಲೆಂಡಿಗೆ ಹೋದವರು. ಮುನೀರ್ ಎಲ್ ಹದ್ದಾದಿ ಎಂಬವರು 2014ರಲ್ಲಿ ಸ್ಪೇನ್ ಪರವಾಗಿ ಅರ್ಹತಾ ಪಂದ್ಯವೊಂದರ ಕೊನೆಯ ಕೆಲವು ನಿಮಿಷ ಆಡಿದ ಕಾರಣಕ್ಕೇ ಮೊರಾಕ್ಕೊ ಪರವಾಗಿ 2018ರ ವಿಶ್ವಕಪ್ಪಿಗೆ ಹೋಗಲಾಗಲಿಲ್ಲ. 2020ರಲ್ಲಿ ನಿಯಮ ಸಡಿಲವಾದ ಮೇಲೆ, ಅದೂ ಮತ್ತಷ್ಟು ಜಗ್ಗಾಟದ ನಂತರ, ಅವರಿಗೆ ದಾರಿಯಾಯಿತು. ಈಗ ಇಪ್ಪತ್ತೊಂದು ತುಂಬುವ ಮೊದಲು ಹಿರಿಯರ ತಂಡಕ್ಕೆ ಮೂರಕ್ಕಿಂತ ಹೆಚ್ಚು ಪಂದ್ಯ ಆಡದೆ, ವಿಶ್ವಕಪ್ಪಿನ ಅಥವಾ ಖಂಡದ ಕಪ್ಪಿನ ಮುಖ್ಯ ಸುತ್ತಿನಲ್ಲಿ ಕಾಲಿಡದೆ, ಕೊನೆಯ ಪಂದ್ಯದಿಂದ ಮೂರು ವರ್ಷ ಕಳೆದಿದ್ದರೆ, ಮತ್ತು ಮೊದಲ ಅಧಿಕೃತ ಪಂದ್ಯದ ವೇಳೆಗೇ ಎರಡನೆಯ ದೇಶದ ಪೌರತ್ವ ಇದ್ದಿದ್ದರೆ ಬದಲಾಯಿಸಿಕೊಳ್ಳಬಹುದು. ಆದರೆ ದೆಹಲಿಯ ಬಾಗಿಲು ಹಾಗಲ್ಲ, ಅದು ಹದಿನೆಂಟೂವರೆ ವರ್ಷಕ್ಕೆ ಮುಚ್ಚುತ್ತದೆ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ನನ್ನ ಮಗಳು ಅಮೆರಿಕದಲ್ಲಿ ಹುಟ್ಟಿ, ಐದನೆಯ ವಯಸ್ಸಿನಿಂದ ಶಿರಸಿಯಲ್ಲಿ ಬೆಳೆದು, ಬ್ಯಾಡ್ಮಿಂಟನ್‌ನಲ್ಲಿ ರಾಜ್ಯದ ಮೇಲ್ಪಂಕ್ತಿಗೆ ಬಂದವಳು. ಒಂದು ಶಿಬಿರದ ಬಾಗಿಲಲ್ಲಿ, ಎಲ್ಲರೆದುರು, ಓಸಿಐ ಕಾರ್ಡು ನೋಡಿ ಹಿಂದಕ್ಕೆ ಕಳುಹಿಸಿದರು. ಆ ನೀತಿಯನ್ನು ದೆಹಲಿ ಹೈಕೋರ್ಟ್ 2010ರಲ್ಲಿ ಎತ್ತಿಹಿಡಿದಿರುವುದರಿಂದ ವಕೀಲರೂ ಕೈಚೆಲ್ಲಿದರು. ಭಾರತದ ಪೌರತ್ವಕ್ಕೆ ಮರಳಬೇಕಾದರೆ ವಯಸ್ಕಳಾಗಬೇಕು, ಐದು ವರ್ಷ ಓಸಿಐ ಆಗಿರಬೇಕು, ಅರ್ಜಿಗೆ ಮೊದಲು ಹನ್ನೆರಡು ತಿಂಗಳು ಇಲ್ಲಿ ವಾಸವಾಗಿರಬೇಕು. ಆಮೇಲೆ ಅಮೆರಿಕದ ಪೌರತ್ವ ಬಿಡಲು ಆಗ 2,350 ಡಾಲರ್ ಶುಲ್ಕ. ತೋಟದ ಅಡಿಕೆ ಕೊಳೆರೋಗದಲ್ಲಿ ಅರ್ಧ ಉದುರಿದ್ದ ವರ್ಷ ಅದು. ಅವಳು ಅಮೆರಿಕದ ಪಾಸ್‌ಪೋರ್ಟನ್ನೇ ಉಳಿಸಿಕೊಂಡು ಓದಿಗೆ ಹೋದಳು. ರಾಕೆಟ್ ಇಲ್ಲಿಯೇ ಇದೆ.

ಮಾಲಾದೇವಿ ಮೈದಾನದ ಹಳಬ:
ಶಿರಸಿಯವರು ಬ್ಯಾಡ್ಮಿಂಟನ್ ವಿಷಯವನ್ನು ಬ್ಯಾಡ್ಮಿಂಟನ್ ಜಾಗದಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ಮನಸ್ಸಿದ್ದವರು ಪಾಸ್‌ಪೋರ್ಟ್ ಬಿಟ್ಟೇ ಬಂದಿದ್ದಾರೆ. ಇಝುಮಿ ಅರಾಟಾ ಜಪಾನಿನ ಪೌರತ್ವವನ್ನು ಬಿಟ್ಟು 2013ರಲ್ಲಿ ಭಾರತಕ್ಕೆ ಆಡಿದರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾ ಹಿರಿಯರ ತಂಡದಲ್ಲಿ ಒಂದು ಸೌಹಾರ್ದ ಪಂದ್ಯ ಆಡಿದ್ದವರು, 2025ರಲ್ಲಿ ಅಲ್ಲಿಯ ಪಾಸ್‌ಪೋರ್ಟ್ ಬಿಟ್ಟು ಇಲ್ಲಿಯದನ್ನು ಪಡೆದರು. ಶುಲ್ಕದ ಲೆಕ್ಕ ಹಾಕುತ್ತ ಕುಳಿತವರಿಗೆ ಇದು ಅರ್ಥವಾಗದು.

ಶಿರಸಿಯ ಅಪ್ಪ:
ಅರಾಟಾ ಆಗ ಮೂವತ್ತರ ವಯಸ್ಸಿನವರು, ವಿಲಿಯಮ್ಸ್ ಮೂವತ್ತು ದಾಟಿದವರು. ಇಬ್ಬರಿಗೂ ಇಲ್ಲಿ ಸಂಬಳ ಕೊಡುವ ಕ್ಲಬ್ಬುಗಳಿದ್ದವು. ಹದಿನೆಂಟರ ಹುಡುಗನಿಗೆ ಅವರ ಉದಾಹರಣೆ ಕೊಡುವುದು ಅನ್ಯಾಯ. ಇನ್ನು, ಬಸ್ಸಿನ ಟಿಕೆಟ್ಟು ಕೊಡಲಿಲ್ಲವೆಂದು ಸ್ವಂತ ರಾಜ್ಯವನ್ನು ಬಿಟ್ಟವರು ಶುಲ್ಕದ ವಿಷಯದಲ್ಲಿ ಬೇರೆಯವರಿಗೆ ಪಾಠ ಹೇಳಬೇಕಾಗಿಲ್ಲ.

ಮಾಲಾದೇವಿ ಮೈದಾನದ ಹಳಬ:
ಬಸ್ಸಿನ ಟಿಕೆಟ್ಟಲ್ಲ, ಮರ್ಯಾದೆ. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ ಮತ್ತೆ ಗೆದ್ದದ್ದು 2023ರಲ್ಲಿ, ರಿಯಾದ್‌ನಲ್ಲಿ. ನಡುವಿನ ಐವತ್ನಾಲ್ಕು ವರ್ಷ ಕರಾವಳಿಯ ಹುಡುಗರನ್ನು ಎಷ್ಟು ಕೇಳಿದರು ಎಂಬುದನ್ನು ಮೊದಲು ಹೇಳಿ, ಆಮೇಲೆ ಸ್ವಂತ ರಾಜ್ಯದ ಮಾತಾಡೋಣ.

ಅಂಕೋಲೆಯಿಂದ ಲಿಸ್ಬನ್ನಿಗೆ:
ನಾನು ಇದೇ ಲಿಸ್ಬನ್ನಿನಲ್ಲಿ ಮನೆಗೆಲಸ ಮಾಡಿ ಮಗನನ್ನು ಬೆಳೆಸಿದವಳು, ಆದ್ದರಿಂದ ಎರಡು ಮಾತು ಹೆಚ್ಚೇ ಆಡುತ್ತೇನೆ. ನನ್ನ ಮಗನಿಗೂ ಹದಿನೆಂಟೂವರೆ ಬಂತು, ನಾವು ಭಾರತದ್ದನ್ನು ಹೋಗಲು ಬಿಟ್ಟೆವು. ಊರಿಗೆ ಹೋದಾಗಲೆಲ್ಲ ಇದಕ್ಕಾಗಿ ಬೈಸಿಕೊಂಡಿದ್ದೇನೆ. ಮಗ ಪೋರ್ಚುಗಲ್ ರಾಷ್ಟ್ರೀಯ ತಂಡಕ್ಕೆ ಎಂದೂ ಆಡಲಾರ, ಅದು ನನಗೂ ಗೊತ್ತು, ಅವನಿಗೂ ಗೊತ್ತು. ಅವನು ಆಡುವುದು ಕೆಳಗಿನ ದರ್ಜೆಯ ಲೀಗಿನಲ್ಲಿ. ಮೊಣಕಾಲಿನ ಲಿಗಮೆಂಟ್ ಹರಿದಾಗ ಕ್ಲಬ್ಬಿನ ವಿಮೆ ಶಸ್ತ್ರಚಿಕಿತ್ಸೆಗೆ ಮಾತ್ರ ಬಂತು. ಆಮೇಲಿನ ಫಿಸಿಯೊಥೆರಪಿಗೆ ಒಂದು ಸಲಕ್ಕೆ 35 ಯೂರೊ, ಕಾಲಿಗೆ ಕಟ್ಟುವ ಬ್ರೇಸಿಗೆ 240 ಯೂರೊ, ಆಡದ ತಿಂಗಳುಗಳ ಸಂಬಳ ಅರ್ಧಕ್ಕಿಳಿಯಿತು, ಬಾಡಿಗೆ ಇಳಿಯಲಿಲ್ಲ. ಆ ಹೊತ್ತಿನಲ್ಲಿ ಅವನು ಲಕ್ಸೆಂಬರ್ಗಿಗೆ ಹೋಗಿ ಒಂದು ಕ್ಲಬ್ಬಿನಲ್ಲಿ ಪರೀಕ್ಷೆ ಕೊಟ್ಟು, ಜೊತೆಗೆ ಕಟ್ಟಡದ ಕೆಲಸವನ್ನೂ ಮಾಡಿ ಬಂದನಲ್ಲ, ಅದಕ್ಕೆ ಕೆಲಸದ ಪರವಾನಗಿ ಬೇಕಾಗಲಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದಿದ್ದರೆ ಕ್ಲಬ್ಬಿನವರು ಅವನ ಮುಖವನ್ನೂ ನೋಡುತ್ತಿರಲಿಲ್ಲ.

ಭಾರತ ಆಡಿಸುತ್ತದೆ ಎಂದು ಹಳಬರು ಹೇಳಿದರು. 2025ರ ಜುಲೈನಲ್ಲಿ ಭಾರತದ ಮುಖ್ಯ ಫುಟ್‌ಬಾಲ್ ಲೀಗಾದ ಐಎಸ್‌ಎಲ್‌ನ ಹಂಗಾಮನ್ನೇ ತಡೆಹಿಡಿದರು, ಆಟಗಾರರು ಸಂಬಳವಿಲ್ಲದೆ ಕಾದು ಕುಳಿತರು. ಅದೇ ವರ್ಷ ಅಕ್ಟೋಬರಿನಲ್ಲಿ ನಿಮ್ಮ ಗೋವಾದ ಫಾತೋರ್ಡಾದಲ್ಲಿಯೇ ಭಾರತ ಸಿಂಗಾಪುರದ ಎದುರು 2–1ರಿಂದ ಸೋತು 2027ರ ಏಷ್ಯಾ ಕಪ್ಪಿನ ಅವಕಾಶವೂ ಹೋಯಿತು. ಹುಡುಗ ಯುರೋಪಿನ ಹಕ್ಕನ್ನು ಬಿಟ್ಟುಕೊಟ್ಟ ಮೇಲೆ ಅವನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊಣಕಾಲು ಹೋದರೆ ಅವನನ್ನು ಯಾರು ಕೇಳುತ್ತಾರೆ?

ಮಾಲಾದೇವಿ ಮೈದಾನದ ಹಳಬ:
ಆ ಸಿಂಗಾಪುರ ಪಂದ್ಯಕ್ಕೆ ನಾನು ಹೋಗಿದ್ದೆ. ಮೊದಲ ಗೋಲು ನಮ್ಮದೇ, ಛಾಂಗ್ಟೆ ದೂರದಿಂದ ಹೊಡೆದದ್ದು. ಸೋತರೂ ಅಂಥ ಗೋಲಿಗೆ ಎದ್ದು ನಿಲ್ಲುವ ಜನ ಇಲ್ಲಿದ್ದಾರೆ. ಲಕ್ಸೆಂಬರ್ಗಿನ ಕಟ್ಟಡದ ಕೆಲಸಕ್ಕೆ ಯಾರು ಎದ್ದು ನಿಲ್ಲುತ್ತಾರೆ, ತಂಗೀ?

ಅಂಕೋಲೆಯಿಂದ ಲಿಸ್ಬನ್ನಿಗೆ:
ನನ್ನನ್ನು ತಂಗಿ ಎನ್ನುವ ಮೊದಲು ನನ್ನ ಮಗನ ದುಡಿಮೆಯನ್ನು ಹಗುರ ಮಾಡುವುದನ್ನು ನಿಲ್ಲಿಸಿ. ವಾಸ್ಕೋದ ಕ್ಲಬ್ಬು ನಿಮಗೆ ಕೊಟ್ಟದ್ದೂ ಸಂಬಳದ ಕೆಲಸವೇ ಅಲ್ಲವೇ? ಅದನ್ನು ನೀವೇ ಮೇಲೆ ಬರೆದಿದ್ದೀರಿ.

ಕೋಡಿಬಾಗದ ತಂದೆ:
ಅಂಕೋಲೆಯ ಅಕ್ಕ ಹೇಳಿದ್ದು ಸರಿ. ಗೋದಾಮಿನ ರಾತ್ರಿ ಪಾಳಿಗೂ ಯಾರೂ ಎದ್ದು ನಿಲ್ಲುವುದಿಲ್ಲ, ಆದರೆ ಬ್ಯಾಂಕಿನವರು ಮನೆಯ ಮುಂದೆ ಬಂದು ನಿಲ್ಲುವುದು ತಪ್ಪುತ್ತದೆ. ಹಾಗೆಂದು ಶಿರಸಿಯವರು ಓಸಿಐಯನ್ನು ಇಷ್ಟು ಹಳಿಯಬೇಕಾಗಿಲ್ಲ. ನನ್ನ ಕಾರ್ಡಿನ ಮೇಲೆಯೇ ಇಂದಿಗೂ ಕೋಡಿಬಾಗದ ಮನೆ, ಬ್ಯಾಂಕು, ಮಗಳ ಓದು ಎಲ್ಲ ನಡೆಯುತ್ತಿದೆ.

ಶಿರಸಿಯ ಅಪ್ಪ:
ನಾನು ಓಸಿಐಯನ್ನು ಹಳಿಯಲಿಲ್ಲ, ಆಡಲು ಬಿಡದ ನೀತಿಯನ್ನು ಹಳಿದೆ. ಆ ನೀತಿ ಮೊದಲು ನಿಮ್ಮ ಮಗನನ್ನೇ ಹೊರಗಿಟ್ಟದ್ದು.

ಸದಾಶಿವಗಡದ ಸೋದರಮಾವ:
ಎಲ್ಲರಿಗೂ ವಂದನೆಗಳು. ಜಗಳವಾಗಲೆಂದು ಕೇಳಿರಲಿಲ್ಲ. ಭಾವನವರಿಗೆ ಇದನ್ನೆಲ್ಲ ಓದಿ ಹೇಳಿದೆ; ಪೋರ್ಚುಗೀಸ್ ಪಾಸ್‌ಪೋರ್ಟಿಗೆ ಈ ತಿಂಗಳೇ ಅರ್ಜಿ ಹಾಕಿಸುತ್ತೇನೆ, ಭಾರತದ ವಿಷಯವನ್ನು ಫೆಬ್ರವರಿಯಲ್ಲಿ ನೋಡೋಣ ಎನ್ನುತ್ತಾರೆ.

ಶಿರಸಿಯ ಅಪ್ಪ:
ಅದನ್ನು ಈಗಲೇ ತಡೆಯಿರಿ. ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸುವಾಗ, ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಂದೆತಾಯಿ ಬರೆದುಕೊಟ್ಟಿರುತ್ತಾರೆ. ವಯಸ್ಕನಾದವನು ತಾನೇ ಬೇರೆ ದೇಶದ ಪೌರತ್ವವನ್ನು ಒಪ್ಪಿ ಪಾಸ್‌ಪೋರ್ಟ್ ಪಡೆದರೆ ಫೆಬ್ರವರಿಯವರೆಗೆ ಕಾಯುವ ಪ್ರಶ್ನೆಯೇ ಉಳಿಯದಂತೆ ಆಗಬಹುದು. ಪೌರತ್ವದ ಕೆಲಸ ಮಾಡುವ ವಕೀಲರಿಗೆ ಎರಡೂ ನೋಂದಣಿ ಪತ್ರಗಳ ಪ್ರತಿ ತೋರಿಸಿ, ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆದ ನಂತರವೇ ಅರ್ಜಿಯ ಮಾತು.

ಕೋಡಿಬಾಗದ ತಂದೆ:
ಪ್ರತಿ ಮಾತ್ರ ಕೊಡಿ, ಮೂಲ ಪತ್ರ ಯಾರಿಗೂ ಕೊಡಬೇಡಿ. ನನ್ನ ತಾಯಿಯ ಬಾಪ್ತಿಸ್ಮದ ಮೂಲ ದಾಖಲೆ ಇನ್ನೂ ಏಜೆಂಟನ ಕಪಾಟಿನಲ್ಲಿದೆ, ಬಾಕಿ 12,000 ಕೊಟ್ಟರೆ ಕೊಡುತ್ತೇನೆ ಎನ್ನುತ್ತಾನೆ.