ಮನಾಲಿಗೆ ಹೊರಟ ಅಳಿಯನಿಗೆ

ಅಳಿಯಾ, ನಿನ್ನ ಮೆಸೇಜು ಕೇಳಿದೆ. ಜನವರಿಯಲ್ಲಿ ಗೆಳೆಯರ ಜೊತೆ ಮನಾಲಿಗೆ ಹೋಗುತ್ತೀಯ, ಹಿಮ ಬಿದ್ದ ಗುಡ್ಡದಲ್ಲಿ ಓಡಬೇಕು ಅಂತ ಆಸೆ. ಅಂಜನಾದ್ರಿ ಹತ್ತಿ ಇಳಿಯುವ ಶೂ ಇದೆ, ದಪ್ಪ ಜಾಕೆಟ್ ಒಂದು ಸಾಕಾ, ದಾರಿಗೆ ಮೊಬೈಲ್ ಮ್ಯಾಪ್ ಇದೆಯಲ್ಲ ಅಂತ ಕೇಳಿದ್ದೀಯ. ಅದರ ಕೆಳಗೇ ಅಕ್ಕ ‘ಹೋಗೋದೇ ಬೇಡ’ ಅಂತ ಹಾಕಿದ್ದಾಳೆ. ಅಕ್ಕಾ, ಹೋಗಲಿ ಬಿಡು. ಫೌಜಿನಲ್ಲಿದ್ದಾಗ ಆ ಕಡೆ ಚಳಿಗಾಲ ನೋಡಿದ್ದೇನೆ, ಗೊತ್ತಿರುವುದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಊಟ ಮಾಡುತ್ತಾ ಕೇಳಿ.

ಓಡುವವನಿಗೆ ಓಡುವಾಗ ಚಳಿ ಗೊತ್ತಾಗುವುದಿಲ್ಲ. ನಿಂತಾಗ ಹಿಡಿಯುತ್ತದೆ. ಕಾಲು ಉಳುಕಿತು, ದಾರಿ ತಪ್ಪಿತು, ಗೆಳೆಯ ಹಿಂದೆ ಉಳಿದ ಅಂತ ನಿಂತೆಯೋ, ಬೆವರು ತಣ್ಣಗಾಗಿ ನಡುಕ ಶುರು. ಅದಕ್ಕೇ ಮೈಮೇಲಿನ ಬಟ್ಟೆ ಓಡುವುದಕ್ಕೆ, ಬೆನ್ನಿನ ಚೀಲ ನಿಲ್ಲುವುದಕ್ಕೆ ಅಂತ ತಯಾರಿ ಮಾಡಿಕೋ.

ದಪ್ಪ ಜಾಕೆಟ್ ಹಾಕಿಕೊಂಡು ಓಡಬೇಡ, ಅದು ಚೀಲದಲ್ಲಿರಲಿ. ಹಾಕಿಕೊಂಡು ಓಡಿದರೆ ಸ್ವಲ್ಪ ಹೊತ್ತಿಗೆ ಒಳಗೆಲ್ಲ ಒದ್ದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆಯುತ್ತದೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಒಂದು ಬಟ್ಟೆ ಜಾಸ್ತಿ ಆಯಿತು ಅಂತ ತಿಳಿ. ಒಳಗೆ ತೆಳು ಉಣ್ಣೆಯದ್ದೋ ಪಾಲಿಯೆಸ್ಟರದ್ದೋ ಬನಿಯನ್, ಅದರ ಮೇಲೆ ಫ್ಲೀಸ್ ಅನ್ನುವ ಮೆತ್ತನೆ ಬೆಚ್ಚನೆ ಬಟ್ಟೆಯ ಅಂಗಿ, ಗಾಳಿ ಎದ್ದರೆ ಗಾಳಿ ತಡೆಯುವ ತೆಳು ಜಾಕೆಟ್. ಗಾಳಿಯನ್ನು ಹಗುರವಾಗಿ ತಿಳಿಯಬೇಡ. 0 ಡಿಗ್ರಿ ಇದ್ದಾಗ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮೈಗೆ ಮೈನಸ್ 6 ಅನ್ನಿಸುತ್ತದೆ.

ಹತ್ತಿ ಬನಿಯನ್, ಹತ್ತಿ ಸಾಕ್ಸ್, ಜೀನ್ಸ್ ಬೇಡವೇ ಬೇಡ. ಬಳ್ಳಾರಿ ಬಿಸಿಲಿಗೆ ಹತ್ತಿಯಂಥದ್ದು ಇನ್ನೊಂದಿಲ್ಲ, ಬೆವರು ಕುಡಿದು ತಂಪು ಮಾಡುತ್ತದೆ. ಅಲ್ಲಿ ಅದೇ ಗುಣ ಕುತ್ತಿಗೆಗೆ ಬರುತ್ತದೆ. ಅವ್ವ ಕಂಬಳಿ ಒಯ್ಯಿ ಅಂದಿದ್ದಕ್ಕೆ ನೀವೆಲ್ಲ ನಕ್ಕಿರಿ, ಅಲ್ವಾ? ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ನಮ್ಮ ಕಡೆ ಕುರಿ ಕಾಯುವವರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕುವುದು ಸುಮ್ನೆ ಅಲ್ಲ. ಹೊದ್ದುಕೊಂಡು ಓಡೋಕೆ ಆಗಲ್ಲ, ಅಷ್ಟೇ.

ಶೂ ಒಳಗೆ ಎರಡು ಜೊತೆ ಸಾಕ್ಸ್ ತುರುಕಬೇಡ. ಬಿಗಿಯಾದರೆ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತವೆ. ರಸ್ತೆಯ ಶೂ ಅಲ್ಲಿ ಜಾರುತ್ತದೆ, ಶೂ ಮೇಲಿಂದ ಹಾಕುವ, ಅಡಿಗೆ ಸಣ್ಣ ಕಬ್ಬಿಣದ ಮುಳ್ಳಿರುವ ಮೈಕ್ರೋಸ್ಪೈಕ್ ಸಿಕ್ಕರೆ ತಗೋ. ಕರಿ ಕನ್ನಡಕ ಮರೆಯಬೇಡ, ಹೊಸ ಹಿಮ ನೇರಳಾತೀತ ಕಿರಣವನ್ನು 80 ಪರ್ಸೆಂಟ್‌ವರೆಗೂ ವಾಪಸ್ ಕಣ್ಣಿಗೇ ಹೊಡೆಯುತ್ತದೆ. ನೀರಿನ ಬಾಟಲಿ ತಲೆಕೆಳಗೆ ಮಾಡಿ ಇಡು. ಮಂಜುಗಡ್ಡೆ ಮೇಲಿಂದ ಕಟ್ಟುವುದರಿಂದ ಮುಚ್ಚಳದ ಕಡೆ ನೀರು ಉಳಿದಿರುತ್ತದೆ.

ಇನ್ನು ದಾರಿ. ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆ. ನಮ್ಮ ಗುಡ್ಡಗಳಲ್ಲಿ ಬಂಡೆ ಇದೆ, ಜಾಲಿ ಗಿಡ ಇದೆ, ಎಲ್ಲಿ ನಿಂತರೂ ಕೆಳಗೆ ಊರು ಕಾಣುತ್ತದೆ. ಹಿಮ ಬಿದ್ದರೆ ಕಾಲುದಾರಿ, ಬೇಲಿ, ಸಣ್ಣ ಹಳ್ಳ ಎಲ್ಲ ಒಂದೇ ಬಿಳುಪು. ಮೇಲೆ ಮೋಡವೂ ಇಳಿದರೆ ನೆಲ ಯಾವುದು ಆಕಾಶ ಯಾವುದು ತಿಳಿಯುವುದಿಲ್ಲ. ನೆರಳೇ ಬೀಳುವುದಿಲ್ಲ, ಮುಂದೆ ತಗ್ಗಿದೆಯೋ ದಿಣ್ಣೆ ಇದೆಯೋ ಕಾಲಿಟ್ಟ ಮೇಲೇ ಗೊತ್ತಾಗುವುದು. ನನ್ನ ಹೆಜ್ಜೆ ಗುರುತು ಹಿಡಿದು ವಾಪಸ್ ಬರುತ್ತೇನೆ ಅನ್ನಬೇಡ. ಗಾಳಿ ಬಂದರೆ ನೋಡನೋಡುತ್ತಲೇ ಮುಚ್ಚಿಹೋಗುತ್ತದೆ.

ಮೊಬೈಲು ಬೇಕು, ಅದೊಂದನ್ನೇ ನಂಬಬೇಡ. ಚಳಿಗೆ ಬ್ಯಾಟರಿ ಸೋಲುತ್ತದೆ, ಚಾರ್ಜ್ ಇದೆ ಅಂತ ತೋರಿಸುತ್ತಲೇ ಆಫ್ ಆಗಿಬಿಡುತ್ತದೆ. ಅದನ್ನೂ ಪವರ್ ಬ್ಯಾಂಕನ್ನೂ ಮೈಗೆ ತಾಗುವ ಒಳಜೇಬಲ್ಲಿ ಇಡು. ಮ್ಯಾಪನ್ನು ಹೋಟೆಲಲ್ಲೇ ಡೌನ್‌ಲೋಡ್ ಮಾಡು, ಏರೋಪ್ಲೇನ್ ಮೋಡ್ ಹಾಕು. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ. ಕಂಪಾಸ್ ಒಂದು ಇರಲಿ, ಅದನ್ನು ಮೊಬೈಲಿನ ಪಕ್ಕ ಇಟ್ಟು ನೋಡಬೇಡ, ಮುಳ್ಳು ತಪ್ಪು ತೋರಿಸುತ್ತದೆ. ಬಿಯಾಸ್ ನದಿ ಅಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ನೀನು ಹತ್ತಿದ ಗುಡ್ಡ ನದಿಗೆ ಪೂರ್ವಕ್ಕೋ ಪಶ್ಚಿಮಕ್ಕೋ ಅಂತ ಹೊರಡುವ ಮುಂಚೆಯೇ ತಿಳಿದುಕೋ. ಆದರೆ ನದಿ ಕೆಳಗಿದೆ ಅಂತ ಸಿಕ್ಕ ಸಿಕ್ಕ ಕೊರಕಲಲ್ಲಿ ಇಳಿಯಬೇಡ. ಮೇಲಿನ ಹಿಮದ ರಾಶಿ ಕುಸಿದು ಜಾರಿ ಬರುವುದೂ ಅದೇ ಕೊರಕಲಲ್ಲಿ, ಹಿಮದ ಅಡಿ ನೀರು ಹರಿಯುವುದೂ ಅಲ್ಲೇ. 30ರಿಂದ 45 ಡಿಗ್ರಿ ಇಳಿಜಾರು ಅತಿ ಅಪಾಯ, ಹೊಸ ಹಿಮ ಬಿದ್ದ ಮೇಲಂತೂ ಅದರ ಕೆಳಗೂ ಹೋಗಬೇಡ. ಊರಿನವರನ್ನು ಕೇಳು, ಅವರು ಬೇಡ ಅಂದರೆ ಮುಗಿಯಿತು.

ವಾಪಸ್ ತಿರುಗುವ ಹೊತ್ತನ್ನು ಹೊರಡುವಾಗಲೇ ಗಟ್ಟಿ ಮಾಡು. ನೈಸ್ಮಿತ್ ಅನ್ನುವವರು 1892ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಳಿಗೆ ಒಂದು ಲೆಕ್ಕ ಹಾಕಿದ್ದರು. 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಏರು 600 ಮೀಟರ್ ಆದರೆ ಇನ್ನೊಂದು ಗಂಟೆ. ಮೊಣಕಾಲು ಮುಳುಗುವ ಹಿಮದಲ್ಲಿ ನಿನ್ನಂಥ ಓಟಗಾರನಿಗೂ ಅಷ್ಟು ಆಗಲ್ಲ. ಇಲ್ಲಿ ಬಿಸಿಲಿಗೆ ಹೆದರಿ ಐದಕ್ಕೇ ಓಡುತ್ತೀಯ, ಅಲ್ಲಿ ಬಿಸಿಲು ಬಿದ್ದ ಮೇಲೆ ಹೊರಡು. ಮನಾಲಿಯೇ 2,000 ಮೀಟರ್ ದಾಟಿದೆ, ಮೊದಲ ದಿನ ಓಟ ಬೇಡ, ಸುಮ್ನೆ ನಡೆದಾಡು. ನನ್ನ ಕೇಳಿದರೆ ಮೊದಲ ಸಲಕ್ಕೆ ಊರ ಪಕ್ಕದ ತುಳಿದ ದಾರಿಗಳಲ್ಲೇ ಓಡು. ಶಿಖರ ಎಲ್ಲಿಗೂ ಹೋಗಲ್ಲ.

ಗೆಳೆಯರ ಮೇಲೆ ಕಣ್ಣಿರಲಿ. ಯಾರಾದರೂ ಕುಡಿದವನ ಹಾಗೆ ತೊದಲಿದರೆ, ಎಡವಿದರೆ, ಜಿಪ್ ಎಳೆಯೋಕೆ ಆಗದಿದ್ದರೆ ಮೈಶಾಖ ಇಳಿಯುತ್ತಿದೆ ಅಂತ ಅರ್ಥ. ನಡುಗುತ್ತಿದ್ದವನು ನಡುಗುವುದು ನಿಲ್ಲಿಸಿ ಮಂಕಾದರೆ ಇನ್ನೂ ಕೆಟ್ಟದ್ದು. ಒದ್ದೆ ಬಟ್ಟೆ ಬಿಚ್ಚಿ, ಒಣ ಬಟ್ಟೆ ಸುತ್ತಿ, 112ಕ್ಕೆ ಫೋನ್ ಮಾಡಿ. ನುಂಗುವ ಹಾಗಿದ್ದರೆ ಸಿಹಿ ಚಹಾ. ರಮ್ ಕುಡಿದರೆ ಬೆಚ್ಚಗಾಗುತ್ತೆ ಅಂತ ನಿಮ್ಮ ಗುಂಪಲ್ಲಿ ಒಬ್ಬ ಹೇಳೇ ಹೇಳುತ್ತಾನೆ. ರಕ್ತ ಚರ್ಮದ ಕಡೆ ಬಂದು ಒಳಗಿನ ಶಾಖ ಹೊರಗೆ ಹೋಗುತ್ತದೆ, ಅಷ್ಟೇ ಆಗುವುದು. ಬೆರಳು ಬೆಳ್ಳಗಾಗಿ ಮರಗಟ್ಟಿದರೆ ತಿಕ್ಕಬೇಡ, ಬೆಂಕಿಗೂ ಹಿಡಿಯಬೇಡ, ಕಂಕುಳಲ್ಲಿ ಇಟ್ಟುಕೋ.

ಶನಿವಾರ ಬಳ್ಳಾರಿಗೆ ಬಾ. ಗಾಳಿ ತಡೆಯುವ ಜಾಕೆಟ್, ಕಂಪಾಸ್, ಹೆಡ್‌ಲ್ಯಾಂಪ್, ಸೀಟಿ ನನ್ನ ಹತ್ತಿರ ಇವೆ. ಗ್ಲೌಸ್ ಮಾತ್ರ ಮನಾಲಿಯಲ್ಲೇ ಎರಡು ಜೊತೆ ಕೊಂಡುಕೋ, ಇಲ್ಲಿ ಸಿಗುವುದೆಲ್ಲ ಬೈಕ್ ಓಡಿಸುವವರದ್ದು.