ಪರಿಸರದ ಕೇಸುಗಳಲ್ಲೇ ವಕೀಲಿ ಮಾಡಬಹುದಾ?

ಪ್ರಶ್ನೆ: ಮೇಡಂ, ನಾನು ಕಾನೂನು ಪದವಿಯ ನಾಲ್ಕನೇ ವರ್ಷದಲ್ಲಿದ್ದೇನೆ. ಪರಿಸರ, ಹವಾಮಾನ ಬದಲಾವಣೆಯ ಕೇಸುಗಳಲ್ಲೇ ಕೆಲಸ ಮಾಡುವ ಆಸೆ. ಮನೆಯಲ್ಲಿ "ಸುಮ್ನೆ ಸಿವಿಲ್ ಕಲಿ" ಅನ್ನುತ್ತಾರೆ. ದಿನನಿತ್ಯ ಈ ಕೆಲಸ ಹೇಗಿರುತ್ತದೆ? ವಿಜ್ಞಾನ ಓದದವರಿಗೆ ಆಗುತ್ತದಾ?

ಉತ್ತರ: ಆಗುತ್ತದೆ. ಆದರೆ ಕೋರ್ಟಿನಲ್ಲಿ ನಿಂತು ವಾದಿಸುವ ಹೊತ್ತು ತುಂಬಾ ಕಡಿಮೆ. ದಿನದ ಹೆಚ್ಚಿನ ಪಾಲು ವರದಿ ಓದುವುದರಲ್ಲೇ ಹೋಗುತ್ತದೆ.

ನಾನು ಜೂನಿಯರ್ ಆಗಿದ್ದಾಗ ಒಂದು ಕಾರ್ಖಾನೆಯ ಪರಿಸರ ಪರಿಣಾಮ ವರದಿ ಕೈಗೆ ಬಂತು. ನೂರಾರು ಪುಟ. ಹೊಳೆಯ ನೀರು ಚೆನ್ನಾಗಿದೆ ಅಂತ ಅದರಲ್ಲೊಂದು ಕೋಷ್ಟಕ. ಅಂಕಿಗಳಲ್ಲಿ ತಪ್ಪೇನೂ ಇರಲಿಲ್ಲ. ನೀರಿನ ಸ್ಯಾಂಪಲ್ ತೆಗೆದ ಜಾಗಗಳ ನಕ್ಷೆ ಮಾತ್ರ ಎಲ್ಲೋ ಕೊನೆಯ ಅನುಬಂಧದಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು, ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಹೋದೆ. ನಾಲ್ಕು ಸ್ಯಾಂಪಲ್. ನಾಲ್ಕನ್ನೂ ತೆಗೆದಿದ್ದು ಕಾರ್ಖಾನೆಯ ಕೊಳವೆ ಹೊಳೆಗೆ ಸೇರುವ ಜಾಗಕ್ಕಿಂತ ಮೇಲೆ. ಕೆಳಗೆ ಒಂದೂ ಇಲ್ಲ! ನಮ್ಮ ವಾದವೆಲ್ಲ ಆ ನಕ್ಷೆಯ ಮೇಲೆ ನಿಂತಿತು. ಅದನ್ನು ಹಿಡಿಯಲು ರಸಾಯನಶಾಸ್ತ್ರ ಬೇಕಾಗಿರಲಿಲ್ಲ, ತಾಳ್ಮೆ ಬೇಕಿತ್ತು. ಕೋಷ್ಟಕದೊಳಗಿನ ಅಂಕಿಗಳ ಅರ್ಥ ತಿಳಿಯೋಕೆ ತಜ್ಞರ ಹತ್ತಿರ ಹೋಗಿ ಕೂತೆ. ನಾಚಿಕೆ ಬಿಟ್ಟು ಕೇಳಿದರೆ ಅವರು ಖುಷಿಯಿಂದ ಹೇಳಿಕೊಡುತ್ತಾರೆ.

ಮನೆಯವರ ಮಾತನ್ನೂ ತಳ್ಳಿಹಾಕಬೇಡಿ. ಸಾಕ್ಷ್ಯ, ತಡೆಯಾಜ್ಞೆ, ಅಫಿಡವಿಟ್ ಇವೆಲ್ಲ ಸಿವಿಲ್ ಕೆಲಸದಲ್ಲೇ ಕೈಗೆ ಹತ್ತುವುದು. ಮೊದಲ ಎರಡು ಮೂರು ವರ್ಷ ಅಲ್ಲಿ ಕಳೆದರೆ ನಷ್ಟ ಇಲ್ಲ.

ಪ್ರಶ್ನೆ: ಕಾರ್ಖಾನೆಯ ಕೊಳವೆಯಾದರೆ ಕಣ್ಣಿಗೆ ಕಾಣುತ್ತದೆ. ಹವಾಮಾನ ಬದಲಾವಣೆಗೆ ಎಲ್ಲರೂ ಕಾರಣ ಅಲ್ವಾ? ಯಾರ ಮೇಲೆ ಕೇಸು ಹಾಕೋದು?

ಉತ್ತರ: ಈ ವಕೀಲಿಯ ದೊಡ್ಡ ಕಷ್ಟ ಅದೇ. ಪೆರು ದೇಶದ ಒಬ್ಬ ರೈತನ ಊರಿನ ಮೇಲ್ಗಡೆ ಹಿಮನದಿ ಕರಗಿ ಸರೋವರ ಉಕ್ಕುವ ಭಯ ಇತ್ತು. ಅವರು 2015ರಲ್ಲಿ ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯೂಇ ಮೇಲೆ ಕೇಸು ಹಾಕಿದರು. ಪೂರ್ತಿ ಖರ್ಚು ಕೇಳಲಿಲ್ಲ. ಜಗತ್ತಿನ ಒಟ್ಟು ಕೈಗಾರಿಕಾ ಹೊಗೆಯಲ್ಲಿ, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ, ಆ ಕಂಪನಿಯ ಪಾಲು ಶೇ. 0.47 ಅಂತ ಲೆಕ್ಕ ಹಿಡಿದು, ರಕ್ಷಣಾ ಕಾಮಗಾರಿಯ ಖರ್ಚಿನಲ್ಲೂ ಅಷ್ಟೇ ಪಾಲು ಕೊಡಿ ಅಂದರು. ಎಷ್ಟು ಜಾಣತನದ ಬೇಡಿಕೆ ನೋಡಿ! 2025ರ ಮೇ ತಿಂಗಳಲ್ಲಿ ಜರ್ಮನಿಯ ಹಾಮ್ ನಗರದ ಮೇಲ್ಮನವಿ ಕೋರ್ಟು ಕೇಸನ್ನು ವಜಾ ಮಾಡಿತು. ಅವರ ಮನೆಗೇ ನೀರು ನುಗ್ಗುವ ಸಂಭವ ತೀರಾ ಕಡಿಮೆ ಅನ್ನುವುದು ಕಾರಣ. ಆದರೆ ದೂರದ ದೇಶದಲ್ಲಾಗುವ ಹಾನಿಗೂ ದೊಡ್ಡ ಕಂಪನಿಗಳನ್ನು ಹೊಣೆ ಮಾಡಬಹುದು ಅಂತ ಅದೇ ಕೋರ್ಟು ತತ್ವವಾಗಿ ಒಪ್ಪಿತು. ಮುಂದಿನ ಕೇಸುಗಳು ಇದನ್ನೇ ಹಿಡಿದು ಶುರುವಾಗುತ್ತವೆ.

ಸರ್ಕಾರದ ಮೇಲೂ ಕೇಸು ನಡೆಯುತ್ತವೆ. ಅರ್ಜೆಂಡಾ ಅನ್ನುವ ಪರಿಸರ ಸಂಸ್ಥೆ ಹಾಕಿದ ಕೇಸಿನಲ್ಲಿ ನೆದರ್ಲೆಂಡ್ಸ್ ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪು ಕೊಟ್ಟು, 1990ರ ಮಟ್ಟಕ್ಕಿಂತ ಕನಿಷ್ಠ ಶೇ. 25ರಷ್ಟು ಹೊಗೆಯನ್ನು 2020ರೊಳಗೆ ಇಳಿಸಲೇಬೇಕು ಅಂದಿತು. 2024ರಲ್ಲಿ ಸ್ವಿಟ್ಜರ್ಲೆಂಡಿನ ಹಿರಿಯ ಮಹಿಳೆಯರ ಸಂಘವೊಂದು ಯುರೋಪಿನ ಮಾನವ ಹಕ್ಕುಗಳ ಕೋರ್ಟಿನಲ್ಲಿ ಗೆದ್ದಿತು. ಸಂಘದ ಅರ್ಜಿಯನ್ನು ಒಪ್ಪಿದ ಕೋರ್ಟು, ನಾಲ್ವರು ಮಹಿಳೆಯರು ವೈಯಕ್ತಿಕವಾಗಿ ಹಾಕಿದ ಅರ್ಜಿಗಳನ್ನು ಒಪ್ಪಲಿಲ್ಲ. ಅರ್ಜಿ ಯಾರ ಹೆಸರಲ್ಲಿ ಹೋಗಬೇಕು ಅಂತ ವಕೀಲರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಪ್ರಶ್ನೆ: ಕಂಪನಿಗಳ ಪರ ಕೆಲಸ ಮಾಡಿದರೆ ತಪ್ಪಾ? ಕೆಲಸ ಜಾಸ್ತಿ ಇರೋದು ಅಲ್ಲೇ ಅನ್ನುತ್ತಾರೆ.

ಉತ್ತರ: ತಪ್ಪಲ್ಲ. ಅನುಮತಿ, ಸೌರ ವಿದ್ಯುತ್ ಒಪ್ಪಂದ, ಇಂಗಾಲದ ಲೆಕ್ಕ, ಎಲ್ಲಕ್ಕೂ ವಕೀಲರು ಬೇಕು. "ಈ ಕೊಳವೆ ಇಲ್ಲಿ ಬೇಡ" ಅಂತ ಕಂಪನಿಯೊಳಗೇ ಕೂತು ಹೇಳುವವರು ಇದ್ದರೆ ಎಷ್ಟೋ ಹೊಳೆಗಳು ಉಳಿಯುತ್ತವೆ. ಮಾಹಿತಿ ಮುಚ್ಚಿಡಿ ಅಂದರೆ ಮಾತ್ರ ಎದ್ದು ಬನ್ನಿ.

ಪ್ರಶ್ನೆ: ವಿದ್ಯಾರ್ಥಿಯಾಗಿ ಈಗಲೇ ಏನು ಮಾಡಬಹುದು?

ಉತ್ತರ: 2019ರಲ್ಲಿ ಪೆಸಿಫಿಕ್ ದ್ವೀಪಗಳ 27 ಕಾನೂನು ವಿದ್ಯಾರ್ಥಿಗಳು ಹವಾಮಾನದ ಪ್ರಶ್ನೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೇ ಒಯ್ಯಬೇಕು ಅಂತ ಹೊರಟರು. ಅಲ್ಲಿನ ಪುಟ್ಟ ದ್ವೀಪದೇಶ ವನುವಾಟುವಿನ ಸರ್ಕಾರ ಕೈಜೋಡಿಸಿತು. 2023ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಒಪ್ಪಿತು. 2025ರ ಜುಲೈ 23ರಂದು ಹೇಗ್‌ನಲ್ಲಿರುವ ಆ ನ್ಯಾಯಾಲಯದ ನ್ಯಾಯಾಧೀಶರೆಲ್ಲ ಒಮ್ಮತದಿಂದ ಅಭಿಪ್ರಾಯ ಕೊಟ್ಟರು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ. ಅದು ಸಲಹೆಯ ರೂಪದ ಅಭಿಪ್ರಾಯ, ನೇರ ಆದೇಶ ಅಲ್ಲ. ಆದರೂ ಆ ಹುಡುಗ ಹುಡುಗಿಯರನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಅಭಿಪ್ರಾಯದ ಪೂರ್ತಿ ಪಠ್ಯ ಕೋರ್ಟಿನ ಜಾಲತಾಣದಲ್ಲಿ ಸಿಗುತ್ತದೆ. ದಿನಕ್ಕೆ ಹತ್ತು ಪುಟ ಓದಿ. ಅರ್ಥವಾಗದ ಪ್ಯಾರಾ ಇದ್ದರೆ ಇಲ್ಲೇ ಹಾಕಿ, ಒಟ್ಟಿಗೆ ಕೂತು ಬಿಡಿಸೋಣ.