ಮಳೆ ಸುರಿದರೂ ನನ್ನ ತೇವ ಸೆನ್ಸರ್ ಕದಲುತ್ತಿಲ್ಲ, ಸಹಾಯ ಬೇಕು

ವಾಸ್ಕೋ_ಲೆನ್ಸ್: ಮೂರು ವಾರದಿಂದ ಇದರ ಹಿಂದೆ ಬಿದ್ದಿದ್ದೇನೆ, ಸಾಕಾಗಿದೆ. ಹೋದ ಮಳೆಗಾಲ ಎರಡು ಲೆನ್ಸ್‌ಗೆ ಬೂಷ್ಟು ಹಿಡಿಯಿತು. ಅದಕ್ಕೇ ಡ್ರೈ ಬಾಕ್ಸ್‌ಗೆ (ಲೆನ್ಸ್ ಒಣಗಿರಲು ಇಡುವ ಡಬ್ಬಿ) ನಾನೇ ಸೆನ್ಸರ್ ಮಾಡಿದೆ. ತಾಮ್ರದ ಬೋರ್ಡ್ ಮೇಲೆ ಬಾಚಣಿಗೆ ಹಲ್ಲಿನ ಥರ ಎಲೆಕ್ಟ್ರೋಡ್, ಮೇಲೆ ಪಿವಿಎ (ನೀರು ಹೀರುವ ಪ್ಲಾಸ್ಟಿಕ್) ಲೇಪ. ತೇವ ಏರಿದರೆ ಕೆಪಾಸಿಟೆನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ, ಏರಬೇಕು. ಸಿಲಿಕಾ ಜೆಲ್ ಡಬ್ಬಿಯಲ್ಲಿ 131 ಪಿಕೋಫ್ಯಾರಡ್, ಜಡಿಮಳೆಯಲ್ಲಿ ಕಿಟಕಿ ಹತ್ತಿರ 134. ಅಷ್ಟೇ! ಏನು ಮಾಡಲಿ?

ಪುಣೆ_ಬೋರ್ಡ್: ಹಲ್ಲುಗಳ ನಡುವೆ ಸಂದು ಎಷ್ಟು? ಸಂದು ಕಿರಿದಾದಷ್ಟೂ ವಿದ್ಯುತ್ ಕ್ಷೇತ್ರ ಲೇಪದೊಳಗೇ ಉಳಿಯುತ್ತದೆ. ಕೆಪಾಸಿಟೆನ್ಸ್ ಎಷ್ಟು ಪಟ್ಟು ಏರುತ್ತದೆ ಎನ್ನುವ ಡೈಎಲೆಕ್ಟ್ರಿಕ್ ಅಂಕಿ ನೀರಿಗೆ ಸುಮಾರು 80, ಒಣ ಪ್ಲಾಸ್ಟಿಕ್‌ಗಳದು ಅದರ ಹತ್ತಿರಕ್ಕೂ ಬರುವುದಿಲ್ಲ. ಲೇಪ ಸ್ವಲ್ಪ ನೀರು ಹೀರಿದರೂ ಗೊತ್ತಾಗಬೇಕು.

ವಾಸ್ಕೋ_ಲೆನ್ಸ್: 0.5 ಮಿ.ಮೀ. ಮನೆಯಲ್ಲೇ ಎಚಿಂಗ್ (ಬೇಡದ ತಾಮ್ರ ಕರಗಿಸುವುದು) ಸಾರ್, ಇದಕ್ಕಿಂತ ಸಣ್ಣದು ಆಗುತ್ತಿಲ್ಲ.

ಪುಣೆ_ಬೋರ್ಡ್: ಹೊರಗೆ ಕೊಟ್ಟು 0.15 ಮಾಡಿಸಿ. ಸಂದೇ ಸಮಸ್ಯೆ.

ಡೊಂಬಿವಲಿ_ಅಣ್ಣ: ಸುಮ್ನೆ ಯಾಕೆ ಒದ್ದಾಟ? ಮುಂಬೈನ ಲ್ಯಾಮಿಂಗ್ಟನ್ ರೋಡ್ ಎಲೆಕ್ಟ್ರಾನಿಕ್ಸ್ ಮಾರ್ಕೆಟ್‌ಗೆ ಹೋಗಿ ಡಿಎಚ್‌ಟಿ22 ಅನ್ನೋ ರೆಡಿಮೇಡ್ ತೇವ ಸೆನ್ಸರ್ ತನ್ನಿ. ನಮ್ಮ ಮನೆಯಲ್ಲಿ ಆರು ಇವೆ, ಬಾಲ್ಕನಿಯಿಂದ ಹಪ್ಪಳದ ಡಬ್ಬದವರೆಗೆ. ಎಲ್ಲಾ ಒಂದೇ ಸ್ಕ್ರೀನ್‌ನಲ್ಲಿ ಕಾಣುತ್ತವೆ.

ಪುಣೆ_ಬೋರ್ಡ್: ಅದು ಎರಡು ಸೆಕೆಂಡಿಗೆ ಒಂದೇ ರೀಡಿಂಗ್ ಕೊಡುತ್ತದೆ. ಎಸ್‌ಎಚ್‌ಟಿ31 ಎಂಬ ಇನ್ನೊಂದು ಸೆನ್ಸರ್‌ನಲ್ಲಿ ಹೀಟರ್ ಕೂಡ ಇದೆ, ಮೇಲೆ ನೀರು ಕೂತರೆ ಒಣಗಿಸಬಹುದು. ಹೋಲಿಸಲೇಬೇಡಿ.

ಡೊಂಬಿವಲಿ_ಅಣ್ಣ: ಲೆನ್ಸ್ ಡಬ್ಬಿಯ ತೇವ ಎರಡು ಸೆಕೆಂಡಿನಲ್ಲಿ ಬದಲಾಗುತ್ತದಾ? ಬೆಲೆಯನ್ನೂ ನೋಡಿ ಮಾತಾಡಿ.

ಮಡಗಾಂವ್_ಅಕ್ಕ: ಅವರು ಕೇಳಿದ್ದು ಬೇರೆ ಅಲ್ವಾ? ವಾಸ್ಕೋದವರೇ, ಮೀಟರ್‌ನಿಂದ ಸೆನ್ಸರ್‌ಗೆ ವೈರ್ ಎಷ್ಟುದ್ದ? ಪಿವಿಎ ಮೇಲೆ ಇನ್ನೇನಾದರೂ ಬಳಿದಿದ್ದೀರಾ?

ವಾಸ್ಕೋ_ಲೆನ್ಸ್: ಒಂದು ಮೀಟರ್ ಶೀಲ್ಡ್ ಕೇಬಲ್, ಅದು ಮಾಮೂಲಿ ಅಲ್ವಾ ಅಕ್ಕ. ಇಲ್ಲಿ ಉಪ್ಪುಗಾಳಿ, ಅದಕ್ಕೆ ಎರಡು ಕೋಟ್ ಲ್ಯಾಕರ್ ಸ್ಪ್ರೇ ಮಾಡಿದ್ದೇನೆ.

ಮಡಗಾಂವ್_ಅಕ್ಕ: ಮತ್ತೆ ತೇವ ಒಳಗೆ ಹೋಗುವುದು ಎಲ್ಲಿಂದ? ಮೊದಲು ಲ್ಯಾಕರ್ ಬಿಡಿ. ಕೇಬಲ್ಲೂ ಅಷ್ಟೇ, ಒಂದು ಮೀಟರ್ ಉದ್ದಕ್ಕೆ 100 ಪಿಕೋಫ್ಯಾರಡ್ ಹತ್ತಿರ ಅದೇ ಸೇರಿಸುತ್ತದೆ. ಸೆನ್ಸರ್ ಬಿಚ್ಚಿ, ಬರೀ ಕೇಬಲ್ ಅಳೆದು ನೋಡಿ. ಕೆಪಾಸಿಟೆನ್ಸ್ ಬದಲಾದಂತೆ ಫ್ರೀಕ್ವೆನ್ಸಿ ಬದಲಿಸುವ 555 ಟೈಮರ್ ಚಿಪ್ಪನ್ನು ಸೆನ್ಸರ್ ಪಕ್ಕದಲ್ಲೇ ಬೆಸುಗೆ ಹಾಕಿ, ಫ್ರೀಕ್ವೆನ್ಸಿ ಮಾತ್ರ ಹೊರಗೆ ತನ್ನಿ. ಬೆಸುಗೆಗೆ ಹಚ್ಚುವ ಫ್ಲಕ್ಸ್ ಚೆನ್ನಾಗಿ ಒರೆಸಿ, ಉಳಿದರೆ ತೇವದಲ್ಲಿ ಕರೆಂಟ್ ಸೋರುತ್ತದೆ. ಪಿವಿಎ ನೀರಿನಲ್ಲಿ ಕರಗುತ್ತದೆ, ಹನಿ ಬೀಳಬಾರದು. ಆಮೇಲೆ ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಅಡುಗೆ ಉಪ್ಪಿನ ಜೊತೆ ಇಡಿ. ಅಲ್ಲಿ ತೇವ 75%ಕ್ಕೆ ನಿಲ್ಲುತ್ತದೆ.

ವಾಸ್ಕೋ_ಲೆನ್ಸ್: ಬರೀ ಕೇಬಲ್ 103! ಮೂರು ವಾರ ನಾನು ಅಳೆದಿದ್ದು ಹೆಚ್ಚೂಕಡಿಮೆ ಕೇಬಲ್ಲನ್ನೇ. ಹೊಸ ಬೋರ್ಡ್ ಈಗಷ್ಟೇ ಎಚಿಂಗ್‌ಗೆ ಫೆರಿಕ್ ಕ್ಲೋರೈಡ್‌ ದ್ರಾವಣಕ್ಕೆ ಇಳಿಸಿದೆ.

ಪುಣೆ_ಬೋರ್ಡ್: ಸಂದು ಎಷ್ಟು ಇಟ್ಟಿರಿ?